ಸಿಟ್ಟಿಗೆ ‘ವಿತ್’

ಮಸ್ಕಿಯ ವಸೀಮಾ ಹಗಲೆಲ್ಲ ರವಿಕೆ ಹೊಲಿದು, ಸಂಜೆ ಅದೇ ಕೋಣೆಯಲ್ಲಿ ಒಂಬತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದ್ದರೂ ಶಾಲೆಯಲ್ಲಿ ಕಲಿಸುವ ಅವಕಾಶ ಸಿಕ್ಕಿರಲಿಲ್ಲ.

ಒಂದು ಮಂಗಳವಾರ ಗೊಬ್ಬರದಂಗಡಿಯ ದೊಡ್ಡಬಸಪ್ಪ ಮಗಳು ಶಿವಕುಮಾರಿಯ ಉತ್ತರಪತ್ರಿಕೆ ಹಿಡಿದು ಬಂದ. ಅವ್ವ ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ ಬಿಟ್ಟ ಜಾಗ ತುಂಬಬೇಕಿತ್ತು. ಹುಡುಗಿ ‘ಆಂಗ್ರಿ’ ಆದ ಮೇಲೆ ‘ವಿತ್’ ಎಂದು ಬರೆದಿದ್ದಳು. ಮಾಸ್ತರರು ಅದನ್ನು ಹೊಡೆದುಹಾಕಿ ‘ಆನ್’ ಎಂದು ತಿದ್ದಿದ್ದರು. ಇಡೀ ತರಗತಿಯಲ್ಲಿ ತಪ್ಪಿದವಳು ಅವಳೊಬ್ಬಳೇ. ಎಲ್ಲರೂ ನಕ್ಕಿದ್ದರಂತೆ.

“ನೀ ಕಲಿಸಿದ್ದಕ್ಕ ಮಾರ್ಕ್ಸ್ ಹೋಗ್ಯಾವ. ನಾಳಿಂದ ಆಕಿನ್ನ ಕಳಿಸಂಗಿಲ್ಲ,” ಎಂದ ದೊಡ್ಡಬಸಪ್ಪ.

ಒಂದು ದಿನ ತಡೆಯುವಂತೆ ವಸೀಮಾ ಕೇಳಿಕೊಂಡಳು. ಅವನು ಹೋದ ಮೇಲೆ ಅವಳಿಗೇ ಅನುಮಾನ ಬಂತು. ನಿಘಂಟು ತೆರೆದು, ಅಲ್ಲೂ ‘ವಿತ್’ ಎಂದೇ ಇದ್ದುದನ್ನು ನೋಡಿದ ಮೇಲೆಯೇ ನಿರಾಳವಾದಳು.

ಮರುದಿನ ಶಾಲೆಗೆ ಹೋದರೆ, ಸಮವಸ್ತ್ರದ ಅಳತೆಗೆ ಬಂದವಳೆಂದುಕೊಂಡು ಒಂದು ತಾಸು ಹೊರಗೆ ಕೂರಿಸಿದರು. ಇಂಗ್ಲಿಷ್ ಮಾಸ್ತರ ಅನಿಲಕುಮಾರ ಸಿಂಧನೂರಿನಿಂದ ದಿನವೂ ಬಸ್ಸಿಗೆ ಬರುವ ತರುಣ. ವಿಷಯ ಕೇಳಿ ಮುಖ ಬಿಗಿದುಕೊಂಡ. ವಸೀಮಾ ಅವನ ಮುಂದೆ ನಿಘಂಟು ಬಿಚ್ಚಿಟ್ಟಳು.

“ಸರ್, ನಾವು ಸಿಟ್ಟು ಒಬ್ಬರ ಮ್ಯಾಲೆ ಬರ್ತೈತಿ ಅಂತೀವಿ, ಅದಕ್ಕ ‘ಆನ್’ ಬಾಯಿಗೆ ಬರ್ತೈತಿ. ಇಂಗ್ಲಿಷಿನ್ಯಾಗ ಹಂಗ ಅನ್ನಂಗಿಲ್ರಿ. ನೀವ ಓದಿ ನೋಡ್ರಿ.”

ಅವನು ಎರಡು ಸಲ ಓದಿದ. ತಾನೂ ಚಿಕ್ಕಂದಿನಿಂದ ಹಾಗೆಯೇ ಕಲಿತಿದ್ದೆನೆಂದು ಒಪ್ಪಿಕೊಂಡ. ಅಷ್ಟಕ್ಕೇ ಬಿಡದೆ ಅವಳನ್ನು ಏಳನೇ ತರಗತಿಗೆ ಕರೆದೊಯ್ದು, ನಲವತ್ತೊಂದು ಮಕ್ಕಳೆದುರು ತಪ್ಪು ತನ್ನದೆಂದ. ಶಿವಕುಮಾರಿಯ ಅಂಕ ತಿದ್ದಿ, ಸೀಮೆಸುಣ್ಣವನ್ನು ವಸೀಮಾಳ ಕೈಗಿಟ್ಟ.

ಅವಳು ಕರಿಹಲಗೆಯ ಮುಂದೆ ನಿಂತಳು. ನಾಯಿಗೆ ಯಾರ‍್ಯಾರು ಅಂಜುತ್ತೀರಿ ಎಂದು ಕೇಳಿದಳು. ಅರ್ಧ ತರಗತಿ ಕೈಯೆತ್ತಿತು. ‘ಅಫ್ರೇಡ್’ ಬರೆದು ‘ಆಫ್’ ಸೇರಿಸಿದಳು. ಪರೀಕ್ಷೆಯ ಚಿಂತೆಗೆ ‘ವರೀಡ್ ಅಬೌಟ್’ ಬಂತು. ಆಮೇಲೆ ಮಕ್ಕಳೇ ಹುಡುಕಿ ಹುಡುಕಿ ಕೇಳತೊಡಗಿದರು: ಬೇಸರಕ್ಕೇನು, ಹೊಟ್ಟೆಕಿಚ್ಚಿಗೇನು? ‘ಬೋರ್ಡ್ ವಿತ್’, ‘ಜೆಲಸ್ ಆಫ್’ ಎಂದು ಹಲಗೆ ತುಂಬಿತು. ಊಟದ ಗಂಟೆ ಬಾರಿಸಿದರೂ ಒಬ್ಬರೂ ಏಳಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮುಖ್ಯೋಪಾಧ್ಯಾಯಿನಿ, ಸೋಮವಾರದಿಂದಲೇ ಬಂದು ಕಲಿಸುತ್ತೀರಾ ಎಂದು ಕೇಳಿದರು.

ಸುದ್ದಿ ತಿಳಿದ ದೊಡ್ಡಬಸಪ್ಪ ಆ ಸಂಜೆ ತಾನೇ ಮಗಳನ್ನು ಬೈಕಿನಲ್ಲಿ ಕರೆತಂದ. “ತಪ್ಪಾತ್ರಿ ಟೀಚರಮ್ಮ,” ಎಂದಷ್ಟೇ ಹೇಳಿ, ಪಾಠ ಮುಗಿಯುವವರೆಗೆ ಹೊಸ್ತಿಲಲ್ಲಿ ಕೂತ.

ಎರಡು ತಿಂಗಳಲ್ಲಿ ಲಿಂಗಸುಗೂರಿನ ಶಾಲೆಯೊಂದೂ ಅವಳನ್ನು ಶನಿವಾರಕ್ಕೆ ಕರೆಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಅಂದಿನ ಪಾಠವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಹೋದಳು.