ಪೂಜೆಗೆ ಕೂತ ಪೆನ್ನು

ದ್ವಾರಕಾನಾಥನ ಪೆನ್ನು ಜರ್ಮನಿಯದು, ನಿಬ್ಬು ಹದಿನೆಂಟು ಕ್ಯಾರೆಟ್ ಚಿನ್ನದ್ದು. ಅದರಲ್ಲಿ ಅವನು ಇದುವರೆಗೆ ಬರೆದದ್ದು ತನ್ನ ಹೆಸರು ಮಾತ್ರ. ಅಮೆರಿಕದ ನಾರ್ತ್‌ವಿಲ್‌ನ ಆ ಮನೆಗೆ ಯಾರೇ ಊಟಕ್ಕೆ ಬರಲಿ, ಪಾಯಸಕ್ಕಿಂತ ಮೊದಲು ಪೆನ್ನು ಬರುತ್ತಿತ್ತು. ವೆಲ್ವೆಟ್ ಹಾಸಿದ ಪೆಟ್ಟಿಗೆ ತೆರೆದು, "ಹಿಡ್ಕೊಂಡು ನೋಡಿ, ಆದ್ರೆ ಬರೀಬೇಡಿ. ನಿಬ್ ನನ್ನ ಕೈಗೆ ಸೆಟ್ ಆಗಿದೆ," ಎನ್ನುತ್ತಿದ್ದ. ಸೆಟ್ ಆಗಲಿಕ್ಕೆ ಆ ಕೈ ಬರೆದದ್ದಾದರೂ ಏನು, ಮಣ್ಣು! ಅಂಗಡಿ ಚೀಟಿಯನ್ನೂ ಫೋನಿನಲ್ಲಿ ಟೈಪು ಮಾಡುವ ಮನುಷ್ಯ. ಮಗಳು ತೊಟ್ಟಿಲಲ್ಲಿದ್ದಾಗಲೂ ಅವಳಿಗೆ ಇಷ್ಟು ಮೆತ್ತನೆ ಹಾಸಿಗೆ ಇರಲಿಲ್ಲವಲ್ಲ ಎಂದು ಹೆಂಡತಿ ಪದ್ಮಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಈಗ ಆ ಮಗಳು ಮಾನ್ಯಾಳ ನಿಶ್ಚಿತಾರ್ಥ. ಹುಡುಗ ವೆಸ್ಟ್‌ಮಂಟ್‌ನ ವಿಷ್ಣು. ಅವನ ತಾಯಿ ಸುಹಾಸಿನಿ ಕೇಳಿದ್ದು ಒಂದೇ ಒಂದು: ಲಗ್ನಪತ್ರಿಕೆ ಪ್ರಿಂಟ್ ಮಾಡಿಸುವುದು ಬೇಡ, ಹಿಂದಿನ ಹಾಗೆ ಹೆಣ್ಣಿನ ಮನೆಯವರು ಕೈಯಲ್ಲೇ ಬರೆಯಲಿ.

"ಅಮ್ಮಾ, ಯು ರೈಟ್ ಇಟ್," ಎಂದಳು ಮಾನ್ಯಾ.

ಮಗಳು ತನ್ನಿಂದ ಏನನ್ನಾದರೂ ಕೇಳಿ ಎಷ್ಟೋ ವರ್ಷವಾಗಿತ್ತು. ಪದ್ಮ ಒಂದು ವಾರ, ಟಪಾಲಿನಲ್ಲಿ ಬರುವ ಜಾಹೀರಾತುಗಳ ಹಿಂಬದಿಯಲ್ಲಿ ಬರೆದು ಬರೆದು, ತುಕ್ಕು ಹಿಡಿದ ಅಕ್ಷರಗಳನ್ನು ತಿದ್ದಿದಳು. ಮಗಳ ಮದುವೆಯ ಕಾಗದ ತನ್ನ ಕೈಬರಹದಲ್ಲಿರಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

"ನಾನ್‌ಸೆನ್ಸ್! ಅದು ಅಪ್ಪ ಬರೆಯೋದು. ಇಲ್ದಿದ್ರೆ ಇಂಥ ಪೆನ್ ಇಟ್ಕೊಂಡಿರೋದ್ಯಾಕೆ?" ಎಂದ ದ್ವಾರಕಾನಾಥ.

"ಅವಳು ನನ್ನನ್ನ ಕೇಳಿದ್ದು ರೀ."

"ನೀನು ಕೋಸಂಬರಿ ಕಡೆ ನೋಡ್ಕೋ."

ಪದ್ಮಳಿಗೆ ಮೈಯೆಲ್ಲ ಉರಿಯಿತು. ಆದರೂ ಶುಭಕಾರ್ಯದ ಮನೆಯಲ್ಲಿ ಜಗಳ ಬೇಡವೆಂದು ಹೋಗಿ ಹೆಸರುಬೇಳೆ ನೆನೆಹಾಕಿದಳು.

ನಿಶ್ಚಿತಾರ್ಥದ ಬೆಳಿಗ್ಗೆ ಮಹಾರಾಯ ಮಾಡಿದ್ದನ್ನು ಕೇಳಬೇಕು. ಪೆನ್ನನ್ನು ಬೆಳ್ಳಿ ತಟ್ಟೆಯಲ್ಲಿ ದೇವರ ಮುಂದಿಟ್ಟ. ಆಯುಧಪೂಜೆಗೆ ಗರಾಜಿನಲ್ಲಿ ಕಾರಿನ ಮೂತಿಗೆ ಮೆತ್ತುವ ಹಾಗೆ, ಅರಿಶಿನ ಕುಂಕುಮ ನೀರಲ್ಲಿ ಕಲೆಸಿ ನಿಬ್ಬಿಗೇ ದಪ್ಪಗೆ ಮೆತ್ತಿದ.

"ರೀ, ಮುಚ್ಚಳಕ್ಕೆ ಹಚ್ಚಿದ್ರೆ ಸಾಕು."

"ಬರೆಯೋದು ಮುಚ್ಚಳಾನಾ?"

ತಿಂಡಿ ಮುಗಿಸಿ, ಜರಿಪಂಚೆ ಉಟ್ಟು, ಹನ್ನೊಂದು ಗಂಟೆಗೆ ಬರೆಯಲು ಕೂತ. ಮೇಲೆ 'ಶ್ರೀ' ಎಂದು ಎಳೆದರೆ ಗೀರು ಬಿತ್ತೇ ಹೊರತು ಶಾಯಿ ಇಳಿಯಲಿಲ್ಲ. ಒತ್ತಿದ, ಊದಿದ, ನಿಬ್ಬನ್ನು ನಾಲಿಗೆಗೂ ತಾಗಿಸಿದ. ಕೊನೆಗೆ ಪೆನ್ನನ್ನು ಜೋರಾಗಿ ಕೊಡವಿದ. ಎಲೆ ಅಡಿಕೆ ಉಗುಳಿದ ಹಾಗೆ ಕಾಗದದ ಮೇಲೆಲ್ಲ ಕೆಂಪು, ನೀಲಿ, ಹಳದಿ.

"ಥೂ! ಈ ದೇಶದ ಪೇಪರೇ ಸರಿ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟರಲ್ಲಿ ವಿಷ್ಣುವಿನ ಮೆಸೇಜು ಬಂತು, ಇನ್ನು ಹತ್ತೇ ಮೈಲಿ.

ದ್ವಾರಕಾನಾಥ ಬೆವರಿದ. "ಪದ್ಮಾ, ಬೇಗ ಬಾರೇ. ನೀನೇ ಬರೆದ್ಬಿಡು. ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಪದ್ಮ ಕೈ ಒರೆಸಿಕೊಂಡು ಬಂದಳು. ಹಲ್ಲಿನ ಡಾಕ್ಟರು ಬಿಟ್ಟಿ ಕೊಟ್ಟ ಪ್ಲಾಸ್ಟಿಕ್ ಪೆನ್ನು ಫ್ರಿಜ್ಜಿನ ಪಕ್ಕದಲ್ಲಿತ್ತು, ಅದನ್ನೇ ಎತ್ತಿಕೊಂಡಳು. ಹೊಸ ಹಾಳೆಯಲ್ಲಿ ಸಂವತ್ಸರ, ಮಾಸ, ತಿಥಿ, ಎರಡೂ ಕಡೆಯ ಗೋತ್ರ, ಹೆಸರು, ಎಲ್ಲ ಬರೆದಳು. ಕೈ ಒಂದು ಕಡೆಯೂ ತಡವರಿಸಲಿಲ್ಲ. ಕೊನೆಗೆ, ಯಾರೂ ಹೇಳದ ಒಂದು ಸಾಲನ್ನೂ ಸೇರಿಸಿದಳು. ಗಂಡ ಓದುವ ಗೋಜಿಗೆ ಹೋಗದೆ ಹಾಳೆ ಕಿತ್ತುಕೊಂಡು ಹಾಲಿಗೆ ಓಡಿದ.

ಬೀಗರು ಬಂದು ಕೂತರು. ದ್ವಾರಕಾನಾಥ ತೊಳೆದ ಪೆನ್ನನ್ನು ಹಾಳೆಯ ಮೇಲೆ ಹಿಡಿದು, ಹುಬ್ಬು ಗಂಟಿಕ್ಕಿ, ಮೂರು ಫೋಟೋ ತೆಗೆಸಿಕೊಂಡ. ನಾಚಿಕೆ ಎಂಬುದು ಆ ಕಡೆ ಸುಳಿಯಲೂ ಇಲ್ಲ.

"ಮೂರು ದಿನ ಕೂತು ಬರೆದೆ," ಎಂದ. "ನಮ್ಮ ಸಂಸ್ಕೃತಿ ನೋಡಿ, ಕೈಯಲ್ಲಿ ಬರೆದ್ರೇನೇ ಅದಕ್ಕೊಂದು ಬೆಲೆ."

"ಎಂಥಾ ಮುದ್ದಾದ ಅಕ್ಷರ ನಿಮ್ದು!" ಎಂದಳು ಸುಹಾಸಿನಿ. ಅವನು ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದ. ಬಾಗಿಲಲ್ಲಿ ನಿಂತಿದ್ದ ಪದ್ಮ ಸೆರಗು ಬಿಗಿಮಾಡಿಕೊಂಡಳು.

ಪುರೋಹಿತರು ಪತ್ರಿಕೆಯನ್ನು ಎತ್ತಿಕೊಂಡು, ಪದ್ಧತಿಯಂತೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದರು. ಮುಹೂರ್ತ ಓದಿದರು, ಗುರುಹಿರಿಯರ ಆಶೀರ್ವಾದ ಓದಿದರು, ಅದೇ ಉಸಿರಿನಲ್ಲಿ ಮುಂದಿನದನ್ನೂ ಓದಿದರು.

"ಬಿಕ್ಕಲಂ, ವಧುವಿನ ತಾಯಿ ಪದ್ಮ."

"ಹಾಗಂದ್ರೇನು ಭಟ್ರೇ?" ಎಂದಳು ಸುಹಾಸಿನಿ.

"ಇದನ್ನ ಬರೆದ ಕೈ ಯಾರದು ಅಂತ. ಹಳೇ ಕಾಗದಪತ್ರಗಳಲ್ಲಿ ಕೊನೇಲಿ ಹಾಕ್ತಿದ್ರು. ಈಗ ಯಾರಿಗೆ ಗೊತ್ತಿದೆ!" ಎಂದು ಪುರೋಹಿತರು ಖುಷಿಯಿಂದ ತಲೆದೂಗಿದರು.

ದ್ವಾರಕಾನಾಥನ ಕೈಯಲ್ಲಿ ಪೆನ್ನು ಇನ್ನೂ ಫೋಟೋಕ್ಕೆ ಹಿಡಿದ ಹಾಗೇ ಇತ್ತು. ಮಾನ್ಯಾ ಅಮ್ಮನ ಮುಖ ನೋಡಿದಳು, ಆಮೇಲೆ ಅಪ್ಪನ ಕಡೆ ತಿರುಗಿದಳು.

"ದೆನ್ ವಾಟ್ ಡಿಡ್ ಯು ರೈಟ್, ಅಪ್ಪ?"

ಅವನು ಹೆಂಡತಿಯತ್ತ ನೋಡಿದ, ಏನಾದರೂ ಹೇಳಿ ಮಾನ ಉಳಿಸೇ ಎನ್ನುವಂತೆ. ಮೂವತ್ತು ವರ್ಷ ಹಾಗೆ ಉಳಿಸಿ ಉಳಿಸಿ ಪದ್ಮಳಿಗೆ ಸಾಕಾಗಿತ್ತು. ಅವಳು ಕೋಸಂಬರಿ ಕಡೆ ನೋಡಿಕೊಳ್ಳಲು ಒಳಗೆ ಹೋದಳು.