ಇದನ್ನ ಸ್ವಲ್ಪ ನೋಡ್ಕೋತೀರಾ

ನಮ್ಮ ದೊಡ್ಡಮ್ಮನ, ಅಂದರೆ ಅಮ್ಮನ ಅಕ್ಕನ, ಮುಖದಲ್ಲಿ ಅದೇನಿದೆಯೋ, ಕಂಡವರಿಗೆಲ್ಲ ಕೈಯಲ್ಲಿದ್ದದ್ದನ್ನು ಅವಳ ಬಳಿ ಇಟ್ಟು ಹೋಗಬೇಕು ಅನ್ನಿಸುತ್ತದೆ. ರೈಲ್ವೆ ಸ್ಟೇಷನ್ನಿನಲ್ಲಿ ಗುರುತು ಪರಿಚಯವಿಲ್ಲದವರು ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಅವಳ ಕಾಲ ಬುಡದಲ್ಲೇ ಸೂಟ್‌ಕೇಸ್ ಇಳಿಸಿ, "ಇದನ್ನ ಸ್ವಲ್ಪ ನೋಡ್ಕೋತೀರಾ, ಈಗ್ ಬಂದೆ" ಎನ್ನುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ. ಮದುವೆಗಳಲ್ಲಿ ಅವಳನ್ನು ಹುಡುಕುವವರು ಮಂಟಪದ ಕಡೆ ಹೋಗಿ ಪ್ರಯೋಜನವಿಲ್ಲ. ಹಿಂದಿನ ಸಾಮಾನಿನ ಕೋಣೆಗೆ ಹೋಗಬೇಕು. ಅಲ್ಲಿ ಒಡವೆ ಡಬ್ಬಿಗಳು, ಉಡುಗೊರೆಯ ರಾಶಿ, ಯಾರದೋ ಮಲಗಿದ ಮಗು, ಇನ್ಯಾರದೋ ಮಲಗಿದ ಗಂಡ, ಇವೆಲ್ಲದರ ನಡುವೆ ಬೀಗದ ಕೈ ಹಿಡಿದು ಕೂತಿರುತ್ತಾಳೆ. ನೆಂಟರ ಮಕ್ಕಳು ಅವಳಿಗೆ ಬೀಗದ ದೊಡ್ಡಮ್ಮ ಎಂದೇ ಹೆಸರಿಟ್ಟಿದ್ದರು. ಅದೆಷ್ಟು ಮದುವೆಗಳ ಊಟ ಮಾಡಿದ್ದಾಳೋ, ಒಂದರಲ್ಲೂ ಗಂಡಿನ ಮುಖ ನೋಡಿದವಳಲ್ಲ. "ಅತ್ತಿಗೆ, ನಿಮ್ಮದೇ ಮದುವೆ ಆಗಿದ್ರೂ ನೀವು ಆ ಕೋಣೇಲೇ ಕೂತಿರ್ತಿದ್ರಿ ಬಿಡಿ" ಎಂದು ಅಪ್ಪ ಒಮ್ಮೆ ತಮಾಷೆ ಮಾಡಿದಾಗ ಅವಳೂ ನಕ್ಕಳು. ಅಮ್ಮ ಮಾತ್ರ ನಗದೆ ಎದ್ದು ಒಳಗೆ ಹೋದಳು.

ಕೆಲಸವೂ ಅಂಥದ್ದೇ ಸಿಕ್ಕಿತ್ತು. ಸ್ಕ್ಯಾನಿಂಗ್ ಸೆಂಟರಿನಲ್ಲಿ, ಆ ದೊಡ್ಡ ಮಷಿನ್ ಇರುವ ಕೋಣೆಯ ಬಾಗಿಲಲ್ಲಿ, ನೀಲಿ ಪ್ಲಾಸ್ಟಿಕ್ ಟ್ರೇ ಹಿಡಿದು ನಿಲ್ಲುವುದು. "ಮೈಮೇಲೆ ಲೋಹ ಏನೂ ಇರಬಾರ್ದು. ಎಲ್ಲ ತೆಗೆದು ಇದರಲ್ಲಿ ಹಾಕಿ." ಸರ, ಉಂಗುರ, ವಾಚು, ಕಿವಿಯ ಮಷಿನ್ನು, ಹಲ್ಲಿನ ಸೆಟ್ಟು. ಹೆಂಡತಿ ಪಕ್ಕದಲ್ಲೇ ನಿಂತಿದ್ದರೂ ಹಲ್ಲನ್ನು ಅವಳಿಗೆ ಕೊಡದೆ ದೊಡ್ಡಮ್ಮನಿಗೇ ಕೊಟ್ಟ ಮುದುಕರಿದ್ದಾರೆ. ಎಲ್ಲ ಕಳಚಿಕೊಟ್ಟು ಬರಿಗೈಯಲ್ಲಿ ಒಳಗೆ ಹೋಗುವಾಗ ಎಂಥ ದೊಡ್ಡ ಮನುಷ್ಯರೂ ಶಾಲೆಯ ಮೊದಲ ದಿನದ ಮಕ್ಕಳ ಹಾಗೆ ಕಾಣುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಹೇಳುವಾಗ ದನಿಯಲ್ಲಿ ಕನಿಕರಕ್ಕಿಂತ ಅಸೂಯೆಯೇ ಹೆಚ್ಚಿದ್ದಂತೆ ನನಗೆ ಕೇಳಿಸುತ್ತಿತ್ತು.

ಸೆಂಟರಿನಲ್ಲಿ ಕಾಯುವವರ ಎದುರಿಗೆ ಒಂದು ಟಿವಿ. ಧ್ವನಿ ಸದಾ ಬಂದ್. ಒಂದು ಮಧ್ಯಾಹ್ನ ಅದರಲ್ಲಿ ಯಾವುದೋ ದೇಶದ ಕಾರ್ನಿವಲ್ ಬಂತು. ಕಡಲ ದಂಡೆಯ ರಸ್ತೆ. ತಲೆಗೆ ಗರಿ, ಮುಖಕ್ಕೆ ಬಣ್ಣ, ಸಾವಿರಾರು ಜನ, ಸಾವಿರಾರು ಜೋಡಿ ಕೈ ಮೇಲಕ್ಕೆ. ದೊಡ್ಡಮ್ಮ ಟ್ರೇ ಹಿಡಿದುಕೊಂಡೇ ನೋಡುತ್ತಾ ನಿಂತುಬಿಟ್ಟಳಂತೆ. ಸಂಜೆ ಮನೆಗೆ ಬಂದವಳು ಅಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲ ಕಣೇ, ಅಷ್ಟು ಜನ ಕುಣೀತಿದ್ರು. ಒಬ್ಬರ ಕೈಲೂ ಏನೂ ಇಲ್ಲ. ಅವರ ಚಪ್ಪಲಿ, ಬ್ಯಾಗು ಎಲ್ಲ ಯಾರು ನೋಡ್ಕೋತಿರ್ತಾರೆ?"

"ಅಲ್ಲೂ ನಿನ್ನಂಥವಳು ಒಬ್ಬಳು ಇರ್ತಾಳೆ ಬಿಡಕ್ಕ" ಎಂದಳು ಅಮ್ಮ, ಬಟ್ಟೆ ಮಡಚುತ್ತಾ. ಎಂದವಳಿಗೇ ಏನೋ ಆಯಿತು; ಮಡಚಿದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದಳು.

ಯಾಕೆಂದರೆ ಸಮುದ್ರದ ವಿಷಯ ನಮ್ಮ ಮನೆಯಲ್ಲಿ ಹಗುರವಾದದ್ದಲ್ಲ. ಅಕ್ಕತಂಗಿಯರು ಚಿಕ್ಕವರಿದ್ದಾಗ ಇಡೀ ಕುಟುಂಬ ವ್ಯಾನು ಮಾಡಿಕೊಂಡು ಸಮುದ್ರ ನೋಡಲು ಹೋಗಿತ್ತು. ಎಲ್ಲರೂ ಹೋ ಎಂದು ನೀರಿಗೆ ಓಡುವಾಗ ತಾತ ದೊಡ್ಡಮ್ಮನ ಭುಜ ಹಿಡಿದು ಕೂರಿಸಿದರು. "ನೀನು ದೊಡ್ಡವಳು, ಜಾಣೆ. ಬಟ್ಟೆ ಹತ್ರ ಕೂತಿರು. ನಾವು ಬಂದ್ಮೇಲೆ ನೀನು ಹೋಗುವೆಯಂತೆ." ಅವರೆಲ್ಲ ಬರುವ ಹೊತ್ತಿಗೆ ವ್ಯಾನಿನ ಡ್ರೈವರು ಹಾರ್ನ್ ಬಾರಿಸುತ್ತಿದ್ದ. ನಡುವೆ ಒಮ್ಮೆ ಅಮ್ಮ, ಆಗಿನ್ನೂ ಹಲ್ಲು ಬಿದ್ದ ಪುಟ್ಟ ಹುಡುಗಿ, ಅಕ್ಕನಿಗೆಂದು ಬೊಗಸೆಯಲ್ಲಿ ಸಮುದ್ರ ತುಂಬಿಕೊಂಡು ಓಡಿ ಬಂದಿದ್ದಳು. ತಲುಪುವಷ್ಟರಲ್ಲಿ ಎಲ್ಲ ಸೋರಿತ್ತು. "ನೆಕ್ಕು ಅಕ್ಕ, ಉಪ್ಪುಪ್ಪು" ಎಂದು ಕೈ ಚಾಚಿದ್ದಳು. ದೊಡ್ಡಮ್ಮ ನೆಕ್ಕಿದ್ದಳು. ಅವಳ ಪಾಲಿನ ಸಮುದ್ರ ಅಷ್ಟೇ. ಆಮೇಲೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಬಹುದಿತ್ತು. ಸೆಂಟರಿನ ಬಾಗಿಲು, ಅಜ್ಜಿಯ ಕಾಯಿಲೆ, ನಾನು ಹುಟ್ಟಿದ್ದು, ಹೀಗೆ ನೋಡಿಕೊಳ್ಳಬೇಕಾದದ್ದು ಏನಾದರೊಂದು ಎದುರಿಗಿರುತ್ತಿತ್ತು.

ಕೆಲಸದಿಂದ ಬಿಡುಗಡೆಯಾದ ವರ್ಷ ದೊಡ್ಡಮ್ಮ ನನ್ನ ಹತ್ತಿರ ಗುಟ್ಟಾಗಿ ಟಿಕೆಟ್ ಮಾಡಿಸಿದಳು. ಟಿವಿಯಲ್ಲಿ ಕಂಡ ಅದೇ ಊರು, ಅದೇ ಕಾರ್ನಿವಲ್ಲಿಗೆ. ಬೆನ್ನಿಗೆ ಹಾಕುವ ದೊಡ್ಡ ಬ್ಯಾಗನ್ನೂ ತಂದಳು.

"ಅತ್ತಿಗೆ, ಈ ವಯಸ್ಸಲ್ಲಿ ಬೆನ್ನ ಮೇಲೆ ಮೂಟೆ ಯಾಕೆ? ಚಕ್ರದ ಪೆಟ್ಟಿಗೆ ಇಲ್ವಾ?" ಎಂದರು ಅಪ್ಪ.

"ಬೆನ್ನಿಗೆ ಹಾಕ್ಕೊಂಡ್ರೆ ಕೈ ಖಾಲಿ ಇರತ್ತೆ."

"ಒಬ್ಬಳೇ ಹೋಗ್ತೀಯಲ್ಲ ಅಕ್ಕಾ, ನಿನ್ನ ಯಾರು ನೋಡ್ಕೋತಾರೆ?" ಎಂದಳು ಅಮ್ಮ.

ದೊಡ್ಡಮ್ಮ ಆ ಪ್ರಶ್ನೆಯನ್ನು ಮೊದಲ ಸಲ ಕೇಳಿದವಳಂತೆ ತಂಗಿಯನ್ನು ನೋಡಿದಳು. ಅವಳು ಹೊರಟ ಮಾರನೇ ದಿನ ನಮ್ಮ ಮನೆಯಲ್ಲಿ ಒಂದು ಬೀಗದ ಕೈಯೂ ಸಿಗದೆ ಅಪ್ಪ ಹಿತ್ತಿಲ ಕಿಟಕಿಯಿಂದ ಒಳಗೆ ಬಂದರು.

ಅಲ್ಲಿ ಅವಳು ಇಳಿದುಕೊಂಡದ್ದು ಒಂದರ ಮೇಲೊಂದು ಮಂಚಗಳಿರುವ ಹಾಸ್ಟೆಲಿನಲ್ಲಿ. ಸುತ್ತ ನನಗಿಂತ ಚಿಕ್ಕ ಹುಡುಗಿಯರು, ಒಣಗಲು ಹಾಕಿದ ಈಜುಡುಗೆಗಳು, ಒದ್ದೆ ಮರಳು, ಯಾರೂ ತೊಳೆಯದ ಲೋಟಗಳು. ಅಲ್ಲಿನ ಭಾಷೆ ಅವಳಿಗೆ ಬರುವುದಿಲ್ಲ, ಇಂಗ್ಲಿಷು ಎರಡನೇ ವಾಕ್ಯಕ್ಕೆ ಮುಗಿಯುತ್ತದೆ. ಆದರೆ ಒಂದು ಮಾತನ್ನು ಯಾರು ಯಾವ ಭಾಷೆಯಲ್ಲಿ ಹೇಳಿದರೂ ಅವಳಿಗೆ ಅರ್ಥವಾಗುತ್ತದೆ. ಮೊದಲ ಬೆಳಗ್ಗೆ ದಂಡೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಗಿಟಾರು ಹೊತ್ತ ಒಂದು ಜೋಡಿ ಬಂತು. ಗಿಟಾರು ತೋರಿಸಿದರು, ನೀರು ತೋರಿಸಿದರು, ಅವಳ ಮುಖ ನೋಡಿ ಕೈ ಮುಗಿಯುವಂತೆ ಏನೋ ಮಾಡಿದರು, ಓಡಿದರು. ಅವರು ಬರುವುದರೊಳಗೆ ಇನ್ನೊಂದು ಗುಂಪು. ಮರುದಿನ ಒಬ್ಬ ಹಿರಿಯ ಮೊಣಕಾಲಿನಿಂದ ಕೆಳಗಿನ ಕೃತಕ ಕಾಲನ್ನೇ ಕಳಚಿ ಇವಳ ಪಕ್ಕ ನಿಲ್ಲಿಸಿ, ಕುಪ್ಪಳಿಸುತ್ತಾ ಅಲೆಗೆ ಬಿದ್ದ. ಕಾಲಿಗೆ ಕೆಂಪು ಬಣ್ಣದ ಶೂ ಬೇರೆ ಇತ್ತು.

ಅಮ್ಮ ದಿನಾ ವಿಡಿಯೊ ಕಾಲ್ ಮಾಡುತ್ತಿದ್ದಳು. ಅಲ್ಲಿ ಸಂಜೆಯಾದರೆ ನಮಗೆ ಬೆಳಗು.

"ನೀರಿಗಿಳಿದ್ಯಾ ಅಕ್ಕಾ?"

"ನಾಳೆ ಇಳೀತೀನಿ."

"ಇವತ್ತೇನಾಯ್ತು?"

"ಒಬ್ಬರ ಕಾಲು ಇತ್ತು ಕಣೇ ನನ್ನ ಹತ್ರ. ಕಾಲು ಬಿಟ್ಟು ಹೆಂಗೆ ಹೋಗ್ಲಿ?"

ಅಪ್ಪ ಹಿಂದಿನಿಂದ ನಕ್ಕು ಚಹಾ ಚೆಲ್ಲಿಕೊಂಡರು. ಅಮ್ಮ ಫೋನ್ ಇಟ್ಟು ಚಹಾ ಒರೆಸಲು ಬಟ್ಟೆ ತಂದಳು.

ಕಾರ್ನಿವಲ್ ದಿನ ಬಂತು. ಮಾರನೇ ಬೆಳಗ್ಗೆ ದೊಡ್ಡಮ್ಮನ ವಿಮಾನ. ಆ ಸಂಜೆ ಸಮುದ್ರಕ್ಕಿಳಿಯದಿದ್ದರೆ ಈ ಜನ್ಮಕ್ಕಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ದಂಡೆಯ ರಸ್ತೆಯಲ್ಲಿ ಡೋಲು ಶುರುವಾದದ್ದೇ ನೀರಲ್ಲಿದ್ದವರೆಲ್ಲ ಎದ್ದು, ಬಣ್ಣ ಬಳಿದುಕೊಂಡು, ಗರಿ ಸಿಕ್ಕಿಸಿಕೊಂಡು ಮೆರವಣಿಗೆಗೆ ನುಗ್ಗಿದರು. ನುಗ್ಗುವ ಮುಂಚೆ ಎಲ್ಲರೂ ಹಾದುಹೋದದ್ದು ದೊಡ್ಡಮ್ಮನ ಮುಂದಿನಿಂದಲೇ. ಬ್ಯಾಗು, ಶೂ, ಕನ್ನಡಕ, ಗಿಟಾರು, ಹಗ್ಗ ಕಟ್ಟಿದ ಒಂದು ನಾಯಿ. ನಾಯಿಯೂ ಅವಳ ಮುಖ ನೋಡಿ, ನಿಟ್ಟುಸಿರು ಬಿಟ್ಟು ಮಲಗಿತು. ಅಷ್ಟು ವರ್ಷದ ಹಿಂದೆ ಟಿವಿ ಮುಂದೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅವರ ಚಪ್ಪಲಿ ನೋಡಿಕೊಳ್ಳುತ್ತಿದ್ದವಳು ತಾನೇ.

ಖಾಲಿ ದಂಡೆಯಲ್ಲಿ ಉಳಿದಿದ್ದವನು ಇನ್ನೊಬ್ಬನೇ. ಬಾಡಿಗೆ ಕುರ್ಚಿಗಳನ್ನು ಮಡಚಿ ಒಟ್ಟುವವನು. ದೊಡ್ಡಮ್ಮ ಅವನನ್ನು ದಿನಾ ಗಮನಿಸಿದ್ದಳು. ಮುರಿದು ವಕ್ರವಾದ ಮೂಗು, ಹುಬ್ಬನ್ನು ಸೀಳಿ ಇಳಿದ ಗಾಯದ ಗೆರೆ, ಯಾವಾಗಲೂ ಅಳತೆ ಹಾಕುತ್ತಿರುವಂತೆ ಕಾಣುವ ಕಣ್ಣು. ಅವನು ಹತ್ತಿರ ಬಂದರೆ ಸಾಕು, ಜನ ಮಾತು ನಿಲ್ಲಿಸದೆಯೇ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಅವನಿಗೂ ಅದು ಗೊತ್ತಿತ್ತು. ಅದಕ್ಕೇ ಸಾಮಾನುಗಳಿಂದ ದೂರಕ್ಕೆ ಸುತ್ತು ಹಾಕಿ, ಎರಡೂ ಅಂಗೈ ಎಲ್ಲರಿಗೂ ಕಾಣುವಂತೆ ಬಿಟ್ಟುಕೊಂಡು ನಡೆಯುತ್ತಿದ್ದ. ದೇವರು ಇಬ್ಬರ ಮುಖವನ್ನೂ ಬೇರೆ ಬೇರೆ ಅಚ್ಚಿನಲ್ಲಿ ತೆಗೆದು ಒಂದೇ ತಮಾಷೆ ಮಾಡಿದ್ದ.

"ಏನ್ರೀ, ಇಲ್ಲಿ ಬನ್ನಿ" ಎಂದು ದೊಡ್ಡಮ್ಮ ತನ್ನ ಭಾಷೆಯಲ್ಲೇ ಕೂಗಿದಳು.

ಅವನು ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

"ನಿಮಗೇ ಹೇಳಿದ್ದು. ಇದನ್ನ ಸ್ವಲ್ಪ ನೋಡ್ಕೋತೀರಾ?"

ರಾಶಿ ತೋರಿಸಿದಳು, ನೀರು ತೋರಿಸಿದಳು. ಇಡೀ ಜೀವಮಾನದಲ್ಲಿ ಈ ವಾಕ್ಯವನ್ನು ಆಡಿದ್ದು ಅದೇ ಮೊದಲಂತೆ. ಬಾಯಿಗೆ ಹೊಸ ಹಲ್ಲಿನ ಸೆಟ್ಟು ಹಾಕಿದಂತಿತ್ತು ಎಂದು ಆಮೇಲೆ ಹೇಳಿದಳು. ಅವನು ಅಂಗಿಯನ್ನು ಕೆಳಕ್ಕೆಳೆದು ನೇರ ಮಾಡಿಕೊಂಡು, ದೊಡ್ಡ ಕುರ್ಚಿಯಲ್ಲಿ ಕೂರುವವನ ಗಾಂಭೀರ್ಯದಿಂದ ಮರಳಿನ ಮೇಲೆ ಕೂತ. ನಾಯಿ ಒಂದು ಕಣ್ಣು ತೆರೆದು ಮುಚ್ಚಿತು.

ಆದರೆ ನಮ್ಮ ದೊಡ್ಡಮ್ಮ ಪಕ್ಕಾ ಬೀಗದ ದೊಡ್ಡಮ್ಮ. ಪಾಸ್‌ಪೋರ್ಟ್ ಚೀಲ ಕೊರಳಲ್ಲೇ ಇತ್ತು, ಫೋನು ಕೈಯಲ್ಲೇ ಇತ್ತು. ಎರಡನ್ನೂ ಎತ್ತಿ ಹಿಡಿದು, ಹೆಜ್ಜೆಗೊಮ್ಮೆ ಹಿಂದೆ ನೋಡುತ್ತಾ, ಮೊಣಕಾಲುದ್ದ ನೀರಿಗೆ ಹೋದಳು. ಅಲೆ ಬಂತು, ಹೋಯಿತು. ಅವಳ ಗಮನ ಪೂರ್ತಿ ದಂಡೆಯ ಮೇಲೆ. ಇದಕ್ಕಾ ಇಷ್ಟು ದೂರ ಬಂದದ್ದು ಎಂದುಕೊಳ್ಳುವಷ್ಟರಲ್ಲಿ ಕೂಗಾಟ ಕೇಳಿಸಿತು.

ಗಿಟಾರಿನ ಜೋಡಿ ನೀರಿನ ಬಾಟಲಿಗೆಂದು ವಾಪಸು ಬಂದಿತ್ತು. ತಮ್ಮ ಸಾಮಾನಿನ ಮೇಲೆ ಆ ಮುಖ ಕೂತಿರುವುದನ್ನು ಕಂಡು ಇಬ್ಬರೂ ಬೊಬ್ಬೆ ಹಾಕಿದರು. ಸಾಮಾನು ಬಿಟ್ಟುಹೋಗಿದ್ದ ಉಳಿದವರೂ ಓಡಿ ಬಂದರು. ಒಬ್ಬ ಅವನ ತೋಳು ಹಿಡಿದ. ಕುರ್ಚಿಯವನು ಬಿಡಿಸಿಕೊಳ್ಳಲಿಲ್ಲ, ಓಡಲಿಲ್ಲ. ಎರಡೂ ಅಂಗೈ ತೋರಿಸುತ್ತಾ, ರಾಶಿಯ ಪಕ್ಕದಿಂದ ಕದಲದೆ, ಸಮುದ್ರದ ಕಡೆ ನೋಡುತ್ತಿದ್ದ. ಕರೆಯುತ್ತಿರಲಿಲ್ಲ, ಕಾಯುತ್ತಿದ್ದ.

ದೊಡ್ಡಮ್ಮ ನೀರಿಂದ ಎದ್ದು ಓಡಿದಳು. "ಏಯ್! ಬಿಡ್ರೋ ಅವನನ್ನ! ನಾನೇ ಕೂರಿಸಿದ್ದು! ನಾನು ಹೇಳಿ ಕೂರಿಸಿದ್ದು!" ಅಲ್ಲಿ ಯಾರಿಗೆ ಏನು ಅರ್ಥವಾಯಿತೋ. ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ, ದೊಪ್ಪನೆ ಕೂತಳು. ದೊಡ್ಡಮ್ಮನ ಮುಖದ ಸಾಕ್ಷಿಗೆ ಅಪೀಲಿಲ್ಲ. ತೋಳು ಹಿಡಿದವನು ಬಿಟ್ಟ. ಆದರೂ ಎಲ್ಲರೂ ತಮ್ಮ ತಮ್ಮ ಬ್ಯಾಗು ತೆರೆದು, ಒಳಗೆ ಕೈಯಾಡಿಸಿ, ಎತ್ತಿಕೊಂಡು ಹೋದರು. ಅವರು ಹುಡುಕುವಷ್ಟು ಹೊತ್ತೂ ಅವನು ದೂರದ ಕುರ್ಚಿಗಳನ್ನು ನೋಡುತ್ತಿದ್ದ. ಕೊನೆಗೆ ಉಳಿದದ್ದು ದೊಡ್ಡಮ್ಮನ ಬೆನ್ನುಚೀಲ ಒಂದು, ಯಾರೂ ಕೇಳದ ನಾಯಿ ಒಂದು.

ಸೂರ್ಯ ಆಗಲೇ ನೀರಿಗೆ ತಾಗಿದ್ದ. ಕುರ್ಚಿಯವನು ಏಳಲು ಹೊರಟ.

"ಕೂತ್ಕೊಳ್ಳಿ" ಎಂದಳು ದೊಡ್ಡಮ್ಮ.

ಕೊರಳಿನ ಪಾಸ್‌ಪೋರ್ಟ್ ಚೀಲ ತೆಗೆದು ಅವನ ತೊಡೆಯ ಮೇಲಿಟ್ಟಳು. ಫೋನು ಇಟ್ಟಳು. ವಾಚು ಬಿಚ್ಚಿದಳು, ಕಿವಿಯ ಓಲೆ ಬಿಚ್ಚಿದಳು, ಕನ್ನಡಕ ತೆಗೆದಳು. ಟ್ರೇ ಇರಲಿಲ್ಲವಾದ್ದರಿಂದ ಅವನೇ ಎರಡೂ ಅಂಗೈ ಜೋಡಿಸಿ ಹಿಡಿದ. ಮೈಮೇಲೆ ಲೋಹ ಏನೂ ಉಳಿಯಲಿಲ್ಲ. ಈ ಸಲ ಹಿಂದೆ ನೋಡದೆ ಹೋದಳು.

ನಮ್ಮ ಮನೆಯಲ್ಲಿ ಆಗ ಬೆಳಗಿನ ಚಹಾ. ಅಮ್ಮ ಕಾಲ್ ಮಾಡಿದಳು. ತುಂಬ ಹೊತ್ತು ರಿಂಗಾಗಿ ಎತ್ತಿದಾಗ ಪರದೆಯ ತುಂಬ ಮುರಿದ ಮೂಗು, ಸೀಳಿದ ಹುಬ್ಬು.

"ಅಯ್ಯೋ! ಕಳ್ಳ ಕಣೇ! ಅಕ್ಕನ ಫೋನ್ ಕದ್ದಿದಾನೆ!" ಅಮ್ಮ ಚೀರಿದಳು. "ಏಯ್, ಯಾರೋ ನೀನು? ನಮ್ಮಕ್ಕ ಎಲ್ಲಿ?"

"ಕಳ್ಳ ಯಾಕೆ ಫೋನ್ ಎತ್ತುತ್ತಾನೆ? ಕೊಡಿಲ್ಲಿ" ಎಂದು ಅಪ್ಪ ಕೈ ಚಾಚಿದರು.

ಆ ಮುಖ ಹೆದರಲಿಲ್ಲ. ಯಾರೋ ಒಬ್ಬರ ಮನೆಯ ಮಂದಿ ತನ್ನನ್ನು ಅಷ್ಟು ಹತ್ತಿರದಿಂದ ನೋಡುತ್ತಿರುವುದಕ್ಕೆ ಸ್ವಲ್ಪ ನಾಚಿಕೊಂಡಂತಿತ್ತು. ಇನ್ನೊಂದು ಕೈಯಲ್ಲಿ ಕನ್ನಡಕ, ಓಲೆ, ವಾಚು ಎತ್ತಿ ಒಂದೊಂದಾಗಿ ತೋರಿಸಿದ, ಎಲ್ಲ ಇದೆ ಎನ್ನುವಂತೆ. ಆಮೇಲೆ ಎದ್ದು ನಿಂತು ಫೋನನ್ನು ತಿರುಗಿಸಿದ.

ಸಮುದ್ರ. ಕೆಂಪು ಬೆಳಕು. ಹಿಂದಿನಿಂದ ಎಲ್ಲೋ ಡೋಲು. ನೀರಿನ ನಡುವೆ ಒಂದು ತಲೆ, ಅಲೆಯೊಂದಿಗೆ ಮೇಲೆದ್ದು ಕೆಳಗಿಳಿಯುತ್ತಿತ್ತು. ಅವನು ಏನೋ ಕೂಗಿದ. ಆ ತಲೆ ತಿರುಗಿತು. ಕನ್ನಡಕವಿಲ್ಲದೆ ಅವಳಿಗೆ ಏನು ಕಂಡಿತೋ. ಎತ್ತಿ ಹಿಡಿದ ಫೋನಿನ ಹೊಳಪು ಕಂಡಿರಬೇಕು, ಆ ಹೊತ್ತಿಗೆ ಕಾಲ್ ಮಾಡುವವಳು ಒಬ್ಬಳೇ ಎಂದು ಗೊತ್ತಿತ್ತು. ಸೊಂಟದುದ್ದ ನೀರಲ್ಲಿ ಎದ್ದು ನಿಂತು ಎರಡೂ ಕೈ ಮೇಲೆತ್ತಿದಳು, ಟಿವಿಯಲ್ಲಿ ಕುಣಿಯುತ್ತಿದ್ದವರ ಹಾಗೆ. ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಬಗ್ಗಿ, ಎರಡೂ ಕೈ ಜೋಡಿಸಿ, ಏನನ್ನೋ ತುಂಬಿಕೊಂಡು ನಮ್ಮ ಕಡೆ ಚಾಚಿದಳು.

ಅಮ್ಮ ಚಹಾದ ಲೋಟ ಕೆಳಗಿಟ್ಟು ಫೋನಿನ ಮುಂದೆ ಬೊಗಸೆಯೊಡ್ಡಿದಳು.

"ಸೋರ್‌ಹೋಗತ್ತೆ ಅಕ್ಕಾ" ಎಂದಳು. "ಬೇಗ ಬಾ."