ಗೇಣು ದೂರದ ಗೊಂಬೆ

"ಸಂಜಯಣ್ಣಾ, ಈ ಸಲ ಹುಡುಗರಿಗೆ ಗೊಂಬಿ ಕುಣಿಸೂ ಕ್ಲಾಸ್ ಇಲ್ಲೇನ್ರಿ?" ಎಂದು ಊರಲ್ಲಿ ಯಾರಾದರೂ ಕೇಳಿದರೆ, ಫೋನ್ ನಿಲ್ಲಿಸುವ ಸ್ಟ್ಯಾಂಡು ಮುರಿದಿದೆ ಎನ್ನುತ್ತೇನೆ. ಸುಳ್ಳು. ಸ್ಟ್ಯಾಂಡು ಗಟ್ಟಿಮುಟ್ಟಾಗಿ ಅಟ್ಟದ ಮೇಲೆ ಕೂತಿದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಹಾಕುತ್ತ ಇಲ್ಲಿಗೆ ಬಂದು ನಿಂತಿದ್ದೇನೆ. ಮೊದಲನೆಯದು ಯಾವುದು ಎಂದು ಹೇಳಿಬಿಡುತ್ತೇನೆ, ಆಮೇಲೆ ನೀವು ಬೈಯಿರಿ.

ಕೊಲ್ಲಾಪುರದಲ್ಲಿ ಎರಡು ವರ್ಷ ಅನಿಮೇಷನ್ ಕಲಿತವನು ನಾನು. ಆ ವಿದ್ಯೆ ಅನ್ನಕ್ಕೆ ಬಂದದ್ದು ಮದುವೆ ವಿಡಿಯೊಗಳಲ್ಲಿ. ಗಂಡು ಹೆಣ್ಣಿನ ಹೆಸರಿನ ಸುತ್ತ ಗುಲಾಬಿ ಹೂ ತಿರುಗಿಸುವುದು ನನ್ನ ಕೆಲಸ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ತನಕ ನನ್ನ ಗುಲಾಬಿ ತಿರುಗಿವೆ. ಹೋದ ವರ್ಷ ದಸರಾ ರಜೆಯಲ್ಲಿ ಮದುವೆಗಳಿರಲಿಲ್ಲ. ಏಕಸಂಬಿಯ ನಮ್ಮ ಮನೆಯ ಪಡಸಾಲೆ ಖಾಲಿ ಬಿದ್ದಿತ್ತು. ಐದು, ಆರನೇ ಇಯತ್ತೆಯ ಎಂಟು ಮಕ್ಕಳನ್ನು ಕೂಡಿಸಿಕೊಂಡು ಹತ್ತು ದಿನದ ಕ್ಲಾಸು ಶುರು ಮಾಡಿದೆ. ಊರಿಗೆ ಉಪಕಾರ ಮಾಡುವ ಹುಮ್ಮಸ್ಸು. ಜಂಬವೂ ಇತ್ತು, ಯಾಕೆ ಮುಚ್ಚಿಡಲಿ.

ಮೊದಲ ಮೂರು ದಿನ ಚೆಂಡು. ಸಣ್ಣ ವಹಿಯ ಒಂದೊಂದು ಹಾಳೆಯ ಮೂಲೆಯಲ್ಲಿ ಒಂದೊಂದು ಚೆಂಡು ಬರೆದು, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಟ್ಟರೆ ಚೆಂಡು ಪುಟಿಯಬೇಕು. ಸನ್ಮತಿ ಎಂಬ ಹುಡುಗನ ಚೆಂಡು ಕೆಳಗೆ ಬಿದ್ದದ್ದು ಮೇಲೆ ಏಳಲೇ ಇಲ್ಲ. ಕೇಳಿದರೆ, "ಬಾವ್ಯಾಗ ಬಿದ್ದೈತ್ರಿ ಸರ" ಅಂದ. ಅವನ ಕಿವಿ ಹಿಂಡಬೇಕೋ ಬೆನ್ನು ತಟ್ಟಬೇಕೋ ತಿಳಿಯಲಿಲ್ಲ. ಉಳಿದವರ ಚೆಂಡುಗಳೂ ಮೆಟ್ಟಿಲು ಹತ್ತಿದಂತೆ ಹತ್ತಿ ಇಳಿದವು.

ಸರಿಯಾಗಿ ಪುಟಿದದ್ದು ಒಂದೇ ಚೆಂಡು, ಕಾಂಚನಳದು. ಅವಳ ತಾಯಿ ಅಕ್ಕೂತಾಯಿ ನಮ್ಮ ಕಬ್ಬಿನ ಹೊಲದಲ್ಲಿ ಕಳೆ ತೆಗೆಯಲು ಬರುವವಳು. ಊರ ಕೊನೆಗೆ, ಬುದ್ಧ ವಿಹಾರದ ಹಿಂದಿನ ಓಣಿಯಲ್ಲಿ ಅವರ ಮನೆ. ಕಾಂಚನ ಬರೆದ ಚೆಂಡು ಮೇಲಕ್ಕೆ ಹೋದಾಗ ತುಸು ತಡೆದು, ಇಳಿಯುವಾಗ ಜೋರಾಗುತ್ತಿತ್ತು. ಅದನ್ನು ನಾನು ಇನ್ನೂ ಹೇಳಿಕೊಟ್ಟಿರಲಿಲ್ಲ. "ಇದು ಹೆಂಗ ಗೊತ್ತಾತು?" ಎಂದೆ.

"ಚಂಡ ಮ್ಯಾಲ ಹೋಗಿ ಒಂದೀಟ ಹಣಿಕಿ ಹಾಕಿ ಬರತೈತ್ರಿ ಸರ. ನೋಡೀನಿ" ಎಂದಳು.

ನನಗೆ ಇದು ತಿಳಿಯಲು ಕೊಲ್ಲಾಪುರದಲ್ಲಿ ಆರು ತಿಂಗಳು ಹಿಡಿದಿತ್ತು.

ನಾಲ್ಕನೇ ದಿನ ಗೊಂಬೆ. ಒಂದು ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಮತ್ತೊಂದು. ಹನ್ನೆರಡು ಫೋಟೊ ಸೇರಿದರೆ ಒಂದು ಸೆಕೆಂಡಿನ ಸಿನೆಮಾ. ಗೊಂಬೆಗೆ ಅಂಗಡಿಯ ಸಾಮಾನು ಯಾಕೆ ಎಂದು ಎಲ್ಲರಿಗೂ ಮನೆಯಿಂದ ಒಂದೊಂದು ಮುಟಿಗೆ ನಾದಿದ ಗೋಧಿ ಹಿಟ್ಟು ತರಲು ಹೇಳಿದ್ದೆ. ಎಂಟೂ ಮಕ್ಕಳ ಹಿಟ್ಟನ್ನು ಕೂಡಿಸಿ, ಉಪ್ಪು, ಎಣ್ಣೆ ಹಾಕಿ ಮತ್ತೆ ನಾದಿ, ಕೈ ಪಳಗಲಿ ಎಂದು ಆ ದಿನವೆಲ್ಲ ಆಡಿಸಿದೆ. ಸಂಜೆ ಅದನ್ನೆಲ್ಲ ಒಂದೇ ಉಂಡೆ ಮಾಡಿ, ಒಣಗದಿರಲೆಂದು ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿದೆ. ನನ್ನ ಬುದ್ಧಿ ಅಷ್ಟೇ ಓಡಿತ್ತು.

ಅವ್ವ ಹಾಲು ತೆಗೆಯಲು ಬಂದವಳು ಡಬ್ಬಿ ನೋಡಿದಳು.

"ಇದ ಯಾರ್ಯಾರ ಮನಿ ಹಿಟ್ಟೋ ಸಂಜೂ?"

"ಎಲ್ಲಾರದೂ ಅವ್ವಾ. ಕೂಡಿಸಿ ನಾದೀವಿ."

"ಅಕ್ಕೂತಾಯಿ ಮಗಳದೂ?"

"ಹೂಂ."

ಅವ್ವ ಫ್ರಿಜ್ಜಿನ ಬಾಗಿಲು ಹಾಕಲಿಲ್ಲ. "ಮನ್ಯಾಗ ದಸರಾದ ಘಟಾ ಕುಂತಾವ. ದೇವರ ಮೀಸಲ ಹಾಲು ಇದರಾಗ ಐತಿ. ನಂದೇನೂ ಇಲ್ಲಪಾ. ನಾಳಿ ನಾಕ ಮಂದಿ ತಾಯಂದ್ರು ಬಂದು ಕೇಳಿದ್ರ ನೀನ ಉತ್ತರಾ ಕೊಡು."

ನಮ್ಮ ಅವ್ವ ಸಕ್ಕುಬಾಯಿ ಕೆಟ್ಟವಳಲ್ಲ. ಕಾಂಚನಳ ಹೊಸ ಫ್ರಾಕು ಅವಳೇ ಕೊಡಿಸಿದ್ದು. "ನಂದೇನೂ ಇಲ್ಲ" ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬರುವ ಮಾತು. ಆಗ ನಾನು ಒಂದು ಮಾತು ಎದುರಾಡಬಹುದಿತ್ತು. ಕೊಲ್ಲಾಪುರದಲ್ಲಿ ಎಲ್ಲ ಜಾತಿಯವರ ಡಬ್ಬಿಯಲ್ಲಿ ಕೈ ಹಾಕಿ ಉಂಡವನು, ಊರಲ್ಲಿ ಭಾಷಣ ಬೇರೆ ಮಾಡುವವನು. ಆದರೆ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಅಷ್ಟೂ ಹಿಟ್ಟನ್ನು ಎಮ್ಮೆಗೆ ಹಾಕಿದೆ.

ಮಾರನೇ ದಿನ ಹಿಟ್ಟು ಹುಳಿಯಾಯಿತೆಂದು ಮಕ್ಕಳಿಗೆ ಹೇಳಿ, ಮತ್ತೆ ತರಲು ಕಳಿಸಿದೆ. ಕಾಂಚನಳನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸಿಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇಡೀ ರಾತ್ರಿ ಯೋಚಿಸಿ ಹೊಸೆದ ಮಾತು ತಯಾರಿತ್ತು.

"ನೀ ಹಿಟ್ಟ ತರಬ್ಯಾಡ. ನಿನ್ನ ಕೈ ಚಲೋ ಐತಿ. ಮಣ್ಣೆತ್ತಿನ ಅಮಾಸಿಗೆ ನೀ ಮಾಡಿದ್ದ ಎತ್ತ ನೋಡೀನಿ ನಾ. ನೀ ಎರಿ ಮಣ್ಣಿನ ಗೊಂಬಿ ಮಾಡು. ಆದ್ರ ಉಳದಾವರ ಹಿಟ್ಟಿಗೆ ಹತ್ತಿಸಬ್ಯಾಡ ಮತ್ತ. ಮಣ್ಣ ಹತ್ತಿದ್ರ ಹಿಟ್ಟ ಕೆಡತೈತಿ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹೂನ್ರಿ ಸರ" ಎಂದು ಹೊಳೆಯ ಕಡೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಮಣ್ಣು ಹದ ಮಾಡಿ ತಂದಳು. ಒಳ್ಳೆಯ ಉಪಾಯ ಹೊಳೆಯಿತೆಂದು ನಾನು ಖುಷಿಪಟ್ಟೆ. ಅದನ್ನು ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಎಂಟೂ ಗೊಂಬೆಗಳು ಸೇರಿ ಚೆಂಡಾಡುವ ಸಿನೆಮಾ ಎಂದು ಮಕ್ಕಳೇ ನಿರ್ಧರಿಸಿದರು. ಏಳು ಬಿಳಿ ಗೊಂಬೆ, ಒಂದು ಕರಿ ಗೊಂಬೆ, ಹಿಟ್ಟಿನದೇ ಒಂದು ಚೆಂಡು. ಐದು ದಿನ ಹಿಡಿಯಿತು. ಒಬ್ಬೊಬ್ಬರು ಅವರವರ ಗೊಂಬೆ ಸರಿಸಿ ಕೈ ಹಿಂದೆ ತೆಗೆಯುವುದು, ನಾನು ಫೋನ್ ಒತ್ತುವುದು. ಐನೂರು ಫೋಟೊಗಳಾದವು. ಕೈ ಅಡ್ಡ ಬಂದಿದೆಯೇ, ನೆರಳು ಬಿದ್ದಿದೆಯೇ ಎಂದಷ್ಟೇ ನಾನು ನೋಡಿದೆ. ಪೂರ್ತಿ ಜೋಡಿಸಿ ಓಡಿಸಿ ನೋಡುವಷ್ಟು ವೇಳೆ ಸಿಗಲಿಲ್ಲ.

ಹತ್ತನೇ ದಿನ ಸಂಜೆ ಪಡಸಾಲೆಯ ಟಿವಿಯಲ್ಲಿ ಸಿನೆಮಾ. ತಾಯಿ ತಂದೆಗಳೆಲ್ಲ ಬಂದರು. ಅಕ್ಕೂತಾಯಿ ಹೊಲದಿಂದ ನೇರ ಬಂದು ಮೆಟ್ಟಿಲ ಹತ್ತಿರ ನಿಂತಿದ್ದಳು. ಅವ್ವನೇ, "ಒಳಗ ಬಾರವಾ" ಎಂದು ಕರೆದಳು. ಅವಳು ಹೊಸ್ತಿಲ ಒಳಗೆ, ಗೋಡೆಗೆ ಆನಿಕೊಂಡು ಕೂತಳು.

ಸಿನೆಮಾ ಶುರುವಾಯಿತು. ಬಿಳಿ ಗೊಂಬೆಗಳು ಚೆಂಡು ಒದೆಯುತ್ತ ಓಡಾಡಿದವು, ಜನ ನಕ್ಕರು. ಚೆಂಡು ಉರುಳಿ ಕರಿ ಗೊಂಬೆಯ ಕಡೆ ಬಂತು. ಕರಿ ಗೊಂಬೆ ಓಡಿತು. ಚೆಂಡಿಗೆ ಇನ್ನು ಒಂದು ಗೇಣು ಇದೆ ಎನ್ನುವಾಗ ಮುಂದಕ್ಕೆ ಬಾಗಿ, ತಡೆದು, ನಿಂತುಬಿಟ್ಟಿತು. ಕೈ ಚಾಚಿತು, ಹಿಂದೆ ತೆಗೆದುಕೊಂಡಿತು. ಒಂದು ಬಿಳಿ ಗೊಂಬೆ ಬಂದು ಚೆಂಡು ಒಯ್ದಿತು. ಮತ್ತೊಮ್ಮೆ ಹಾಗೆಯೇ ಆಯಿತು, ಮೂರನೇ ಸಲವೂ ಆಯಿತು. ಇಡೀ ಸಿನೆಮಾದಲ್ಲಿ ಜೀವ ಬಂದಂತೆ ಚಲಿಸಿದ್ದು ಅದೊಂದೇ ಗೊಂಬೆ.

ನಮ್ಮಪ್ಪ ವಿರುಪಾಕ್ಷಪ್ಪ ಕುರ್ಚಿಯಿಂದಲೇ ಕೇಳಿದ, "ಆ ಕರಿ ಗೊಂಬಿ ಚಂಡ ಯಾಕ ಮುಟ್ಟವಲ್ದು?"

ಕಾಂಚನ ಎದ್ದು ನಿಂತಳು. "ಸರ ಹೇಳ್ಯಾರ್ರಿ, ಮಣ್ಣ ಹತ್ತಿದ್ರ ಹಿಟ್ಟ ಕೆಡತೈತಿ ಅಂತ. ಐದ ದಿನದಾಗ ಒಂದ ಸಲಾನೂ ಹತ್ತಿಸಿಲ್ರಿ ನಾ."

ಅವ್ವ ಚಹದ ತಾಟು ಎತ್ತಿಕೊಂಡು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಳಿಗೆ ಅದು, ಎಲ್ಲರೂ ಎಲ್ಲೆಲ್ಲೋ ನೋಡಿದರು. ಆಗಲೂ ನನಗೆ ಅವಕಾಶವಿತ್ತು. ತಪ್ಪು ನನ್ನದು ಎಂದು ಎರಡು ಶಬ್ದ ಆಡಿದ್ದರೆ ಸಾಕಿತ್ತು. ಬಾಯಿ ತೆರೆದೆ, ಬಂದದ್ದು ಬೇರೆ ಮಾತು.

"ಅದು ಕಂಪೋಸಿಷನ್ ಅಂತ್ರಿ ಅಪ್ಪಾ. ಚಿತ್ರದಾಗ ಒಂದು ಬ್ಯಾರೆ ಬಣ್ಣದ್ದು ದೂರ ಇದ್ರ ನೋಡಾಕ ಚಂದ ಕಾಣತೈತಿ."

"ಹಂಗಾ" ಎಂದ ಅಪ್ಪ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಂಚನ ತನ್ನ ವಹಿ ತೆಗೆದು ಆ ಶಬ್ದ ಬರೆದುಕೊಂಡಳು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನುತ್ತಾರಲ್ಲ, ನನಗೆ ಹಾಗೇ ಆಯಿತು. ಹೋಗುವಾಗ ಅಕ್ಕೂತಾಯಿ ನನ್ನೆದುರು ನಿಂತಳು. "ಮಣ್ಣ ಒಣಗಿದ್ರ ಬಿರಿತೈತ್ರಿ ಅಣ್ಣಾರ. ದಿನಾ ಸಂಜಿಕ ಹಸಿ ಅರಿಬಿ ಸುತ್ತಿ ಇಡತಿದ್ಲರಿ ಹುಡುಗಿ" ಎಂದಳು. ಅಷ್ಟೇ ಅಂದು ಮಗಳ ಕೈ ಹಿಡಿದುಕೊಂಡು ಹೋದಳು.

ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಒಂಬತ್ತನೇ ದಿನ ನಾನೇ ಹಿಟ್ಟು ನಾದಿ, ಡಬ್ಬಿಗೆ ಹಾಕಿಕೊಂಡು ಅವರ ಓಣಿಗೆ ಹೋದೆ. ಕಾಂಚನ ಕಟ್ಟೆಯ ಮೇಲೆ ಕೂತು ವಹಿಯಲ್ಲಿ ಹಾರುವ ಕೊಕ್ಕರೆ ಬರೆಯುತ್ತಿದ್ದಳು. ಕರಿ ಗೊಂಬೆ ಕಿಟಕಿಯಲ್ಲಿತ್ತು.

"ಕಾಂಚನಾ, ನಿನ್ನ ಕೈ ಚಲೋ ಐತಿ ಅಂತ ನಾ ಮಣ್ಣಿನ ಗೊಂಬಿ ಮಾಡಂದಿದ್ದಲ್ಲ. ನಿಮ್ಮ ಮನಿ ಹಿಟ್ಟ ನಮ್ಮ ಫ್ರಿಜ್ಜಿನ್ಯಾಗ ಬ್ಯಾಡಂತ ಹೇಳಿದ್ದು. ಸುಳ್ಳ ಹೇಳಿದೆ. ತಪ್ಪಾತು."

"ಗೊತ್ತೈತ್ರಿ ಸರ."

"ಯಾವಾಗಿಂದ?"

"ನೀವು ಬಾಗಲಾಗ ನಿಲ್ಲಿಸಿದಾಗಿಂದ."

"ಮತ್ತ ಯಾಕ ಸುಮ್ಮನಿದ್ದಿ?"

ಅವಳು ಕೊಕ್ಕರೆಯ ರೆಕ್ಕೆ ಮುಗಿಸಿ ತಲೆ ಎತ್ತಿದಳು. "ಕೇಳಿದ್ರ ನೀವು ಬರಬ್ಯಾಡ ಅಂತಿದ್ರಿ. ನನಗ ಕಲೀಬೇಕಿತ್ರಿ."

ಡಬ್ಬಿ ನನ್ನ ಕೈಯಲ್ಲೇ ಇತ್ತು. ಮುಂದಿನ ರಜೆಗೆ ಮತ್ತೆ ಕ್ಲಾಸು ಮಾಡೋಣ, ನಿನ್ನ ಹಿಟ್ಟಿನಿಂದಲೇ ಶುರು ಮಾಡೋಣ ಎಂದೆ. ಅವಳ ಮುಖ ಅರಳಿತು. ಹಾಳೆ ಮಗುಚುತ್ತ, ನೆಟ್ಟಗೆ ಕೇಳಿದಳು.

"ಎಲ್ಲಿ ಮಾಡೂದ್ರಿ ಸರ? ನಿಮ್ಮ ಮನ್ಯಾಗೋ?"

ಆ ಪ್ರಶ್ನೆಗೆ ವರ್ಷ ತುಂಬಲು ಬಂತು. ದಸರಾ ರಜೆ ಮತ್ತೆ ಹತ್ತಿರ ಬಂದಿದೆ. ಅವ್ವನ ಮುಂದೆ ನಾನು ಇನ್ನೂ ಬಾಯಿ ತೆರೆದಿಲ್ಲ. ಯಾರಾದರೂ ಕೇಳಿದರೆ ಸ್ಟ್ಯಾಂಡು ಮುರಿದಿದೆ ಎನ್ನುತ್ತೇನೆ. ಕಾಂಚನ ಮಾತ್ರ ಕೇಳುವುದಿಲ್ಲ. ದಾರಿಯಲ್ಲಿ ಸಿಕ್ಕರೆ "ನಮಸ್ಕಾರ್ರಿ ಸರ" ಎಂದು ಒಂದು ಗೇಣು ಸರಿದು ನಿಲ್ಲುತ್ತಾಳೆ.